ಸುಶಮೀಂದ್ರ ಮಾಸ್ತರು ನೀರು ಪರೀಕ್ಷಿಸಿದ್ದು

ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಸುಶಮೀಂದ್ರ ಮಾಸ್ತರಿಗೆ ‘ಅಂದಾಜು’ ಎಂಬ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಗೋಲ್ಡ್‌ಫಿಶ್ ಸಾಕತೊಡಗಿದಾಗಲೂ ಅವರು ಹಾಗೆಯೇ ಇದ್ದರು. ರಾಯಚೂರಿನ ಕುತುಬುದ್ದೀನನ ಅಂಗಡಿಯಿಂದ ಮೀನಿನ ಜೊತೆಗೆ ನೀರು ಪರೀಕ್ಷಿಸುವ ಕಿಟ್ ಕೂಡ ತಂದಿದ್ದರು. ತೊಟ್ಟಿಯ ನೀರನ್ನು ಪುಟ್ಟ ನಳಿಕೆಗೆ ತುಂಬಿ, ಬಾಟಲಿಯ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಹಳದಿ ಬಂದರೆ ನೀರಿನಲ್ಲಿ ಅಮೋನಿಯ ಇಲ್ಲ. ಹಸಿರಿಗೆ ತಿರುಗಿದರೆ ಇದೆ, ಮೀನಿಗೆ ಅದು ವಿಷ. ಹಳದಿ ಕಂಡಷ್ಟು ದಿನ ಮಾಸ್ತರು ನೀರು ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಮೀನುಗಳು ಒಂದೊಂದಾಗಿ ಸಾಯತೊಡಗಿದವು. ಪರೀಕ್ಷೆ ಮಾಡಿದಾಗಲೆಲ್ಲ ಹಳದಿಯೇ. ನೀರು ಸರಿಯಿದ್ದ ಮೇಲೆ ದೋಷ ಮೀನಿನದೇ ಎಂದು ತೀರ್ಮಾನಿಸಿ ಮಾಸ್ತರು ರಾಯಚೂರಿನ ಬಸ್ಸು ಹತ್ತಿದರು.

ಅಂಗಡಿಯಲ್ಲಿ ಗಿರಾಕಿಗಳಿದ್ದರು. “ರೋಗದ ಮೀನ ಮಾರಿ ಮಂದೀಗೆ ಮೋಸ ಮಾಡ್ತೀಯೇನು?” ಎಂದು ಎಲ್ಲರಿಗೂ ಕೇಳುವಂತೆ ಗದರಿದರು.

“ಸರ, ಅವೇ ಮೀನ ನಮ್ಮ ಕಡೆ ಇನ್ನೂ ಚಂದ ಅದಾವ್ರಿ. ನೀರು ಒಮ್ಮೆ...”

“ನೀರಿನ ಪಾಠ ನನಗ ಹೇಳಬ್ಯಾಡ. ದಿನಾ ಟೆಸ್ಟ್ ಮಾಡಾಕತ್ತೀನಿ.”

ಮೀನು ಆರಿಸಿಕೊಂಡಿದ್ದ ಹೆಂಗಸೊಬ್ಬಳು ಚೀಲವನ್ನು ಅಲ್ಲೇ ಇಟ್ಟು ಹೊರಟಳು. ಮಾಸ್ತರಿಗೆ ಅಷ್ಟು ಸಾಲಲಿಲ್ಲ. ಅವರು ಕಲಿಸಿದ ಶಾಲೆಯವರು ಇದೇ ಅಂಗಡಿಯಿಂದ ದೊಡ್ಡ ತೊಟ್ಟಿ ತರಿಸುವವರಿದ್ದರು. ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಅದನ್ನೂ ತಪ್ಪಿಸಿದರು.

ಒಂದೇ ಮೀನು ಉಳಿದಿದ್ದಾಗ, ಒಂದು ಬೆಳಿಗ್ಗೆ ಹೆಂಡತಿ ಸತ್ಯಭಾಮಾಬಾಯಿ ಕಾಫಿ ತಂದವರು ನಳಿಕೆಯತ್ತ ನೋಡಿದರು. “ಹಸರು ಆಗೇದಲ್ರಿ.”

“ಹಳದಿ ಅದ.”

“ಎಲ್ಲಿ ಹಳದಿ? ಎಳೀ ಬಾಳಿ ಎಲಿ ಹಂಗ ಅದ ನೋಡ್ರಿ.”

ಕಿಟ್ ಕೆಟ್ಟಿರಬೇಕು ಎಂದುಕೊಂಡ ಮಾಸ್ತರು ಕುಡಿಯುವ ನೀರಿಗೂ ಹನಿ ಬಿಟ್ಟು ಎರಡೂ ನಳಿಕೆಗಳನ್ನು ಹಿಡಿದರು. “ಇದು ಹಳದಿ, ಅದು ಹಸರು” ಎಂದರು ಸತ್ಯಭಾಮಾಬಾಯಿ. ಮಾಸ್ತರು ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ತೋರಿಸಿದರೂ ಆಕೆ ಸರಿಯಾಗಿಯೇ ಗುರುತಿಸಿದರು. ಮಾಸ್ತರ ಕಣ್ಣಿಗೆ ಎರಡೂ ಒಂದೇ ಆಗಿದ್ದವು. ಕಿಟ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು.

“ಯಾರಿಗೂ ಹೇಳಬ್ಯಾಡ” ಎಂದರು.

“ಆ ಅಂಗಡಿಯವಗ?”

ಮಾಸ್ತರು ನಳಿಕೆ ತೊಳೆಯಲು ಎದ್ದು ಹೋದರು.

ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದಕ್ಕೇ ಎಲ್ಲ ಹಳದಿಯಾಗಿ ಕಾಣುತ್ತಿದೆ, ವಯಸ್ಸಾದವರಿಗೆ ಇದು ಸಹಜ ಎಂದು ಕಣ್ಣಿನ ಡಾಕ್ಟರು ಸಮಾಧಾನ ಹೇಳಿದರು. ಕಣ್ಣಿನ ಬಗ್ಗೆ ಮಾಸ್ತರಿಗೆ ನಾಚಿಕೆಯಿರಲಿಲ್ಲ. ಕುತುಬುದ್ದೀನ್ ‘ನೀರು ಒಮ್ಮೆ’ ಎಂದಾಗ ಬಾಯಿ ಮುಚ್ಚಿಸಿದ್ದು ನೆನಪಾದರೆ ಮಾತ್ರ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಮತ್ತೆ ಅಂಗಡಿಗೆ ಹೋದಾಗ ಅಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. “ಬರ್ರಿ ಸರ” ಎಂದು ಕುತುಬುದ್ದೀನ್ ಕುರ್ಚಿ ಹಾಕಿದ. ಮೆಲ್ಲಗೆ ಹೇಳಿ ಎದ್ದುಬಿಡಬಹುದಿತ್ತು. ಆದರೆ ಬೈದದ್ದು ನಾಲ್ಕು ಮಂದಿಯ ಎದುರಿಗೆ. ಮಾಸ್ತರು ಕಾದರು. ಮಂದಿ ಸೇರಿದ ಮೇಲೆ ಎದ್ದು ನಿಂತರು.

“ಇವರ ಮೀನಿಗೆ ರೋಗ ಇರಲಿಲ್ಲ. ನನ್ನ ತೊಟ್ಟಿ ನೀರು ಕೆಟ್ಟಿತ್ತು, ನನಗ ಕಾಣಲಿಲ್ಲ. ಇದೇ ಅಂಗಡ್ಯಾಗ ನಿಂತು ಇವರಿಗೆ ಮೋಸಗಾರ ಅಂದೆ. ತಪ್ಪು ನಂದು.”

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಕುತುಬುದ್ದೀನ್ ತೊಟ್ಟಿಯಿಂದ ಬಲೆ ತೆಗೆಯುತ್ತ, “ಆತ್ರಿ ಸರ” ಎಂದ. ಬಲೆಯನ್ನು ಪಕ್ಕಕ್ಕಿಟ್ಟು, “ಸಾಲಿಯವರು ಬ್ಯಾರೆ ಕಡೆ ತಗೊಂಡ್ರು” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಮಾಸ್ತರಿಗೆ ತಲೆ ಎತ್ತಲಾಗಲಿಲ್ಲ.

ಬಸ್ ನಿಲ್ದಾಣದಿಂದಲೇ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಎಲ್ಲ ಹೇಳಿದರು.

“ನೀವು ಹೇಳಿದ್ರಿ ಅಂತ, ಆ ಅಂಗಡಿಗೆ ಹೋಗಬ್ಯಾಡ್ರಿ ಅಂತ ನಾವೂ ಬ್ಯಾರೆಯವರಿಗೆ ಹೇಳೀವಲ್ರಿ ಸರ” ಎಂದರು ಆಕೆ.

“ಯಾರ್ಯಾರಿಗೆ ಹೇಳೀರಿ, ಹೆಸರ ಹೇಳ್ರಿ” ಎಂದರು ಮಾಸ್ತರು. ಮಾನ್ವಿಯಲ್ಲಿ ಇಳಿದವರು ಮನೆಗೆ ಹೋಗದೆ, ಮುಖ್ಯೋಪಾಧ್ಯಾಯಿನಿ ಮೊದಲು ಹೆಸರಿಸಿದವರ ಬಾಗಿಲಿಗೆ ಹೋಗಿ ನಿಂತರು.