ಮೆಲ್ಲಗೆ ಮಾತಾಡುತ್ತಿದ್ದ ಆಂಟಿ

ಆಂಟಿಯ ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಗಾಯದ ಗೆರೆಯಿತ್ತು. ದೂರದಿಂದ ನೋಡಿದರೆ ತೆಳುವಾದ ಸರ ಹಾಕಿಕೊಂಡ ಹಾಗೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅವರ ದನಿ ಪಿಸುಮಾತಿನಷ್ಟೇ ಉಳಿದಿತ್ತು. ಜಗಳವಾಡಿಕೊಂಡು ಬಂದ ಗಂಡ ಹೆಂಡತಿ ಅವರ ಮಾತು ಕೇಳಬೇಕೆಂದರೆ ತಾವು ಸುಮ್ಮನಾಗಲೇಬೇಕು. "ನನ್ನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಗಂಟಲು ಬಿಟ್ಟಿದಾನೆ ದೇವ್ರು" ಎನ್ನುತ್ತಿದ್ದರು.

ಪುಲಿಕೇಶಿನಗರದ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಅವರು ಕೌನ್ಸೆಲಿಂಗ್ ಮಾಡುತ್ತಿದ್ದರು. ಹೊರಮಾವಿನಲ್ಲಿ ನಮ್ಮ ಪಕ್ಕದ ಮನೆಯವರು ಆ ಚರ್ಚಿನವರು. ನಮ್ಮನ್ನು ಅಲ್ಲಿಗೆ ಕಳಿಸಿದ್ದು ಅವರೇ. ನಮ್ಮ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಅದಾದ ಮೇಲೆ ನಾನೂ ನಮ್ಮ ಯಜಮಾನರೂ ಹಾಲು, ಗ್ಯಾಸು ಬಿಟ್ಟು ಬೇರೆ ಮಾತಾಡಿರಲಿಲ್ಲ. ಮಗಳ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹೊಸಕೋಟೆಯ ತವರಿಗೆ ಹೋಗಿಬಿಡುವುದೆಂದು ನಾನು ನಿರ್ಧರಿಸಿದ್ದೆ. ತಿರುಗಿ ಬರುವ ಯೋಚನೆ ಇರಲಿಲ್ಲ.

ಆಂಟಿ ಮೊದಲು ನಮ್ಮನ್ನು ಬೇರೆ ಬೇರೆಯಾಗಿ ಕೂರಿಸಿಕೊಂಡರು. "ಒಬ್ಬೊಬ್ರ ದುಃಖಾನೂ ಬೇರೆ ಇರತ್ತಮ್ಮ. ಕಲಸಿಬಿಟ್ರೆ ಯಾರ್ದು ಯಾವ್ದು ಅಂತ ಗೊತ್ತಾಗಲ್ಲ" ಎಂದರು. ಎಲ್ಲರೂ ದೇವರ ಇಚ್ಛೆ ಅಂತಾರೆ ಎಂದು ನಾನು ಹೇಳಿದೆ. "ಅಂಥವ್ರನ್ನ ನನ್ನ ಹತ್ರ ಕಳ್ಸಿ. ಇಷ್ಟು ವರ್ಷ ಪ್ರಾರ್ಥನೆ ಮಾಡಿ ನಂಗೇ ಗೊತ್ತಾಗಿಲ್ಲ, ಅವ್ರಿಗೆ ಯಾರು ಹೇಳಿದ್ರಂತೆ?" ಎಂದರು.

ಪ್ರಾರ್ಥನೆಯನ್ನೂ ಕೇಳಿಯೇ ಮಾಡುತ್ತಿದ್ದರು. ನಮ್ಮ ಯಜಮಾನರು ಬೇಡವೆಂದರು. "ಸರಿ, ಒಳಗೇ ಮಾಡ್ಕೊಳ್ತೀನಿ. ಜೋರಾಗಿ ಮಾಡಿದ್ರೂ ನಿಮಗೇನೂ ಕೇಳಿಸಲ್ಲ ಬಿಡಿ" ಎಂದು ಕಣ್ಣು ಮುಚ್ಚಿದರು.

ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಅವರದು ಒಂದೇ ನಿಯಮ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮೊದಲು ತಮ್ಮ ಬಾಯಲ್ಲಿ ಹೇಳಬೇಕು, ಉತ್ತರ ಆಮೇಲೆ. ನಾನು ಹೇಳಬೇಕಾದದ್ದನ್ನು ಆ ದಿನ ಹೇಳಿದೆ. ಆಸ್ಪತ್ರೆಗೆ ಹೋಗೋಣ ಅಂತ ನಾನಂದೆ, ನಾಳೆ ನೋಡೋಣ ಅಂದಿದ್ದು ನೀವು.

"ಅದು ಹಾಗಲ್ಲ..." ಎಂದರು ಇವರು.

"ಅದು ಆಮೇಲೆ. ಅವ್ರು ಏನಂದ್ರು?"

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. "ನಾನು ನಾಳೆ ನೋಡೋಣ ಅಂದೆ. ಅದಕ್ಕೇ ಮಗು ಹೋಯ್ತು ಅಂತ... ಇವಳು ಹೇಳ್ತಿದಾಳೆ."

"ಈಗ ನಿಮ್ಮದು ಹೇಳಿ."

"ನನ್ನದೂ ಅದೇ ಆಂಟಿ. ಬೇರೆ ಏನಿದೆ?"

ಆಂಟಿ ನನ್ನ ಕಡೆ ತಿರುಗಿದರು. ಅವರದನ್ನು ಈಗ ನಾನು ಹೇಳಬೇಕಿತ್ತು. ಆ ದಿನ ನನ್ನಿಂದ ಅದು ಆಗಲಿಲ್ಲ. ಆಂಟಿ ಒತ್ತಾಯಿಸಲಿಲ್ಲ. ಮೂವರೂ ಹಾಗೇ ಕೂತಿದ್ದೆವು. ಆ ವಾರ ನಾನು ಹೊಸಕೋಟೆಗೆ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ.

ಆಮೇಲೆ ಮನೆಮಂದಿಯೆಲ್ಲ ಬರಬೇಕೆಂದರು. ನಮ್ಮತ್ತೆ ಬಾಗಿಲಲ್ಲೇ ನಿಂತು, "ನಮ್ಮನ್ನೆಲ್ಲ ನಿಮ್ಮ ಚರ್ಚಿಗೆ ಸೇರಿಸ್ಕೊಂಬಿಡ್ತೀಯೇನಮ್ಮ?" ಎಂದು ಕೇಳಿಯೇಬಿಟ್ಟರು. ನನಗೆ ನಾಚಿಕೆಯಾಯಿತು. ಆಂಟಿ ನಕ್ಕರು. "ಒಳಗಿರೋರನ್ನೇ ಸುಧಾರಿಸಕ್ಕೆ ಆಗ್ತಿಲ್ಲ ಅಜ್ಜಿ. ಬನ್ನಿ, ಮೊಮ್ಮಗಳು ಹೆಂಗಿದ್ಲು ಹೇಳಿ." ಅತ್ತೆ ಕೂತರು. ಅವಳು ಮುದ್ದೆ ಮುಟ್ಟುತ್ತಿರಲಿಲ್ಲ, ಸಾರಿನಲ್ಲಿ ಬರೀ ಕಾಳು ಆರಿಸಿ ತಿನ್ನುತ್ತಿದ್ದಳು ಎಂದು ಶುರುಮಾಡಿದರು. ನಿಲ್ಲಿಸಲೇ ಇಲ್ಲ.

ಹೋದ ತಿಂಗಳು ಆಂಟಿ ನಿದ್ದೆಯಲ್ಲೇ ಹೋದರು. ಹಲಸೂರಿನ ಕಡೆಯ ಸ್ಮಶಾನಕ್ಕೆ ನಾವಿಬ್ಬರೂ ಹೋಗಿದ್ದೆವು. ಜನ ತುಂಬಾ ಇದ್ದರು. ತಮಿಳಿನಲ್ಲಿ ಹಾಡಿದರು, ಇಂಗ್ಲಿಷಿನಲ್ಲಿ ಓದಿದರು. ಸಾಲಿನಲ್ಲಿ ನಿಂತು ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ. ಮಗಳು ಹೋದ ದಿನವೂ ಬಂದಿರಲಿಲ್ಲ. ಕೈಗೆ ಅಂಟಿದ ಮಣ್ಣು ನೋಡುತ್ತಾ ನಿಂತಿದ್ದೆ.

ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಹಣೆಯ ಕುಂಕುಮ ನೋಡಿ ಕೇಳಿದರು: "ನೀವು ಆಂಟಿಗೆ ಏನಾಗ್ಬೇಕಮ್ಮ?"

ಹಿಂದಿನಿಂದ ನಮ್ಮ ಯಜಮಾನರು ಹೇಳಿದರು. ಹೊರಗಿನವರೊಬ್ಬರ ಎದುರು ಅವರು ಆ ಮಾತು ಹೇಳಿದ್ದು ಅದೇ ಮೊದಲು.

"ನಮಗೊಬ್ಳು ಮಗಳಿದ್ಲು. ಅವಳು ತೀರ್ಕೊಂಡಾಗ ಆಂಟಿ ನಮ್ಮ ಜೊತೆ ಕೂತಿದ್ರು."

ಹೆಸರೇನು ಎಂದು ಆ ಹೆಂಗಸು ಕೇಳಿದರು. ಇಬ್ಬರೂ ಒಟ್ಟಿಗೇ ಹೇಳಿದೆವು.