ಮೇಜರ್ ಕಂಪ್ಯೂಟರ್‌ಗೆ ಹಾಕ್ಲಾ ಸಾರ್?

ಮೊದಲ ದಿನ ಕೈಗೆ ಬಂದ ವೇಳಾಪಟ್ಟಿ ಬೇರೆ ಯಾರದ್ದೋ ಇರಬೇಕು ಎಂದುಕೊಂಡೆ. ನಾನು ಸೇರಿದ್ದು ಭೌತಶಾಸ್ತ್ರದ ಪದವಿಗೆ. ಪಿಯುಸಿ ಮುಗಿದ ಮೇಲೆ ಮನೆಯಲ್ಲಿ ವಾದ ಮಾಡಿ, ಊಟ ಬಿಟ್ಟು, ಹಸಿವು ತಡೆಯಲಾರದೆ ಮತ್ತೆ ಊಟ ಮಾಡಿ, ಕೊನೆಗೂ ಅಪ್ಪಾಜಿಯ ಬಾಯಿಂದ ‘ಆಯ್ತು, ಫಿಸಿಕ್ಸೇ ಓದು’ ಎಂಬ ಮಾತು ಹೊರಡಿಸಿಕೊಂಡು ಸೇರಿದ್ದೆ. ಆ ಹಾಳೆಯಲ್ಲಿ ನೋಡಿದರೆ ವಾರವಿಡೀ ಬರೀ ಕಂಪ್ಯೂಟರ್. ಪ್ರೋಗ್ರಾಮಿಂಗ್, ಪ್ರೋಗ್ರಾಮಿಂಗ್ ಲ್ಯಾಬ್, ಡಿಜಿಟಲ್ ಲಾಜಿಕ್, ಮತ್ತೆ ಪ್ರೋಗ್ರಾಮಿಂಗ್. ಗುರುವಾರ ಊಟವಾದ ಮೇಲೆ, ಎಲ್ಲರಿಗೂ ತೂಕಡಿಕೆ ಬರುವ ಹೊತ್ತಿನಲ್ಲಿ, ಒಂದೇ ಒಂದು ಚೌಕದಲ್ಲಿ ‘ಫಿಸಿಕ್ಸ್’ ಎಂದಿತ್ತು.

ಹಾಳೆ ಹಿಡಿದುಕೊಂಡು ಪ್ರವೇಶ ವಿಭಾಗದ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಪರದೆ ನೋಡಿ ಹೇಳಿದಳು, “ಕಂಪ್ಯೂಟರ್ ಸೈನ್ಸ್ ಮೇಜರ್, ಫಿಸಿಕ್ಸ್ ಮೈನರ್. ಕರೆಕ್ಟಾಗೇ ಇದೆಯಲ್ಲಾ.”

“ನಾನು ಕೇಳಿದ್ದು ಉಲ್ಟಾ.”

“ನೀವಲ್ಲ, ನಿಮ್ಮ ಫಾದರ್ ಹೇಳಿದ್ದು. ನಾನೇ ಕೇಳ್ದೆ. ಸಾರ್ ಕ್ಲಿಯರಾಗಿ ಮೈನರ್ ಅಂದ್ರು.”

ನಮ್ಮ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಮೇಜರ್ ಎಂದರೆ ನಾವು ಮುಖ್ಯವಾಗಿ ಓದುವ ವಿಷಯ. ಅದರ ಎಲ್ಲ ಪತ್ರಿಕೆಗಳು, ಪ್ರಯೋಗಾಲಯ, ಕೊನೆಗೆ ಪದವಿಯ ಹೆಸರು ಕೂಡ ಅದರದ್ದೇ. ಮೈನರ್ ಎಂದರೆ ಪಕ್ಕದ ವಿಷಯ, ಬಾಳೆಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಷ್ಟು. ಇದನ್ನೆಲ್ಲ ಸೇರುವ ಮೊದಲೇ ಜಾಲತಾಣದಲ್ಲಿ ಓದಿಕೊಂಡಿದ್ದೆ. ನಮಗಿಂತ ಒಂದು ವರ್ಷ ಮೊದಲು ಸೇರಿದವರಿಗೆ ಒಂದು ಪದ್ಧತಿ, ನಮಗೆ ಇನ್ನೊಂದು, ನಮ್ಮ ನಂತರದವರಿಗೆ ಏನೆಂದು ವಿಶ್ವವಿದ್ಯಾಲಯಕ್ಕೂ ಗೊತ್ತಿರಲಿಲ್ಲ. ಆದರೂ ಮೇಜರ್ ಯಾವುದು, ಮೈನರ್ ಯಾವುದು ಎಂಬಷ್ಟು ನನಗೆ ಸ್ಪಷ್ಟವಿತ್ತು. ಅಪ್ಪಾಜಿಗೆ ಸ್ಪಷ್ಟವಿತ್ತೇ ಎಂದು ಕೇಳುವುದು ಹೊಳೆದಿರಲಿಲ್ಲ.

ಪ್ರವೇಶದ ದಿನ ಇಬ್ಬರೂ ಒಟ್ಟಿಗೇ ಸರದಿಯಲ್ಲಿ ನಿಂತಿದ್ದೆವು. ನಮ್ಮ ಸರದಿ ಬರುವ ಹೊತ್ತಿಗೆ ಅಂಕಪಟ್ಟಿಯ ಇನ್ನೊಂದು ಜೆರಾಕ್ಸ್ ಬೇಕೆಂದರು. ನಾನು ಗೇಟಿನಾಚೆಯ ಅಂಗಡಿಗೆ ಓಡಿದೆ. ಅಲ್ಲಿ ಯಂತ್ರಕ್ಕೆ ಕಾಗದ ಸಿಕ್ಕಿಕೊಂಡಿತ್ತು. ಅಂಗಡಿಯವನು ಅದನ್ನು ಎಳೆದು ಬಿಡಿಸುವ ಹೊತ್ತಿಗೆ ಇಲ್ಲಿ ನನ್ನ ಭವಿಷ್ಯ ತೀರ್ಮಾನವಾಗಿ ಹೋಗಿತ್ತು. ನಾನು ವಾಪಸು ಬಂದಾಗ ಅಪ್ಪಾಜಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸುತ್ತಿದ್ದರು. “ಎಲ್ಲಾ ಆತು, ನಡಿ ಕಾಫಿ ಕುಡಿಯಣ” ಎಂದರು. ಕುಡಿದೆವು.

ಅಪ್ಪಾಜಿಯದು ದಾವಣಗೆರೆ ಕಡೆಯ ಊರು, ಬ್ಯಾಂಕಿನ ಕೆಲಸ. ಸರ್ವಿಸಿನ ಬಹುಪಾಲು ಖಾತೆ ತೆರೆಯುವ ಕೌಂಟರಿನಲ್ಲೇ ಕಳೆದವರು. ವರ್ಗವಾಗಿ ಬೆಂಗಳೂರಿಗೆ ಬಂದು ವರ್ತೂರಿನಲ್ಲಿ ಫ್ಲಾಟ್ ಕೊಂಡ ಮೇಲೂ ಅವರ ಭಾಷೆಯಾಗಲಿ ಬೆಳಗಿನ ವಿಭೂತಿಯಾಗಲಿ ಬದಲಾಗಿರಲಿಲ್ಲ. ವೇಳಾಪಟ್ಟಿ ಸಿಕ್ಕ ದಿನ ಸಂಜೆ ನಾನು ಬ್ಯಾಗು ಕೂಡ ಇಳಿಸದೆ ಅವರ ಮುಂದೆ ನಿಂತು ಕಿರುಚಿದೆ.

“ನೀವೇ ಅಲ್ವಾ ಫಿಸಿಕ್ಸ್ ಮೈನರ್ ಅಂದಿದ್ದು?”

“ಹೌದು. ಮತ್ತೇನ್ ಹೇಳ್ಬೇಕಿತ್ತು?” ಅವರು ನಿಜಕ್ಕೂ ಆಶ್ಚರ್ಯದಿಂದ ನೋಡಿದರು. “ಆ ಹುಡುಗಿ ಫಿಸಿಕ್ಸಾ ಸಾರ್ ಅಂತು. ಹೌದು ಅಂದೆ. ಮೇಜರಾ, ಮೈನರಾ ಅಂತು. ನಿಂಗೆ ಹದಿನೆಂಟು ತುಂಬೋದು ದೀಪಾವಳಿ ಆದ್ಮೇಲೆ. ಮೈನರ್ ಅಂದೆ. ಗಾರ್ಡಿಯನ್ ನಾನೇ, ಸಹಿ ಎಲ್ಲಿ ಹಾಕ್ಲಿ ಅಂತಾನೂ ಕೇಳ್ದೆ.”

ಬ್ಯಾಂಕಿನಲ್ಲಿ ಹದಿನೆಂಟು ತುಂಬದವರ ಖಾತೆಗೆ ಮೈನರ್ ಖಾತೆ ಎನ್ನುತ್ತಾರೆ. ಅಪ್ಪನೋ ಅಮ್ಮನೋ ಗಾರ್ಡಿಯನ್ ಎಂದು ಸಹಿ ಹಾಕಬೇಕು. ಅಂಥ ಖಾತೆಗಳನ್ನು ತೆರೆದೂ ತೆರೆದೂ ಅಪ್ಪಾಜಿಯ ಕಿವಿಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲವೇನೋ.

“ಸರಿ, ಕಂಪ್ಯೂಟರ್ ಎಲ್ಲಿಂದ ಬಂತು?”

“ಮೇಜರ್ ಕಂಪ್ಯೂಟರ್‌ಗೆ ಹಾಕ್ಲಾ ಸಾರ್ ಅಂತು. ಹೂಂ ಅಂದೆ.”

“ಹೂಂ ಯಾಕಂದ್ರಿ?”

“ಮೇಜರ್ ಆದ್ಮೇಲೆ ಕಂಪ್ಯೂಟರ್‌ಗೆ ಹಾಕ್ತಾರೆ ಅಂದ್ಕಂಡೆ! ನಮ್ ಬ್ಯಾಂಕ್ನಾಗೂ ಹಂಗೇ. ಹದಿನೆಂಟು ತುಂಬಿದ್ ಕೂಡ್ಲೆ ಮೈನರ್ ಅಂತ ಇರೋದನ್ನ ಮೇಜರ್ ಅಂತ ಕಂಪ್ಯೂಟರ್‌ನಾಗೆ ಬದಲಿ ಮಾಡ್ಬೇಕು. ಎಷ್ಟು ಚೆನ್ನಾಗಿ ಮುಂಚೆನೇ ಕೇಳ್ಕೊಂತಾರಲ್ಲ ಅಂತ ಖುಷಿನೂ ಆತು.”

ಅಡುಗೆಮನೆಯಿಂದ ಅಮ್ಮ ನಗುವುದು ಕೇಳಿಸಿತು. ನನಗೆ ನಗು ಬರಲಿಲ್ಲ. ಏಕೆಂದರೆ ಈ ಅಪ್ಪಾಜಿಯೇ ಬೇಸಿಗೆಯ ಎರಡು ತಿಂಗಳೂ ಕಂಪ್ಯೂಟರ್ ಸೈನ್ಸ್ ತಗೋ ಎಂದು ನನ್ನ ತಲೆ ತಿಂದವರು. ಸಹಿಯಲ್ಲಿ ಒಂದು ಕೊಂಬು ಆಚೀಚೆಯಾದರೂ ಹಿಡಿಯುವವರು. ಅಂಥವರಿಗೆ ಒಂದು ಪ್ರಶ್ನೆ ತಪ್ಪಾಗಿ ಕೇಳಿಸಿ, ಆ ತಪ್ಪು ಸರಿಯಾಗಿ ಅವರ ಆಸೆಯ ಮೇಲೆಯೇ ಬಂದು ಕೂರುತ್ತದೆಯೇ? ಇದೆಲ್ಲಾ ನಾಟಕ ಎಂದು ಒಂದು ಮನಸ್ಸು ಹೇಳಿತು. ಇಷ್ಟು ಹಾಸ್ಯಾಸ್ಪದವಾದ ಸುಳ್ಳನ್ನು ಯಾರೂ ಹೆಣೆಯಲಾರರು ಎಂದು ಇನ್ನೊಂದು ಮನಸ್ಸು ಹೇಳಿತು.

ಮರುದಿನವೇ ಅವರು ರಜೆ ಹಾಕಿ ಪ್ರವೇಶ ವಿಭಾಗಕ್ಕೆ ಹೋಗಿ ಜಗಳವಾಡಿ ಬಂದರು. ಈಗ ಬದಲಾಯಿಸಲು ಬರುವುದಿಲ್ಲ, ವರ್ಷದ ಕೊನೆಗೆ ಭೌತಶಾಸ್ತ್ರ ವಿಭಾಗದವರು ಒಂದು ಪರೀಕ್ಷೆ ಇಡುತ್ತಾರೆ, ಪಾಸಾಗಿ ಪೋಷಕರೂ ಒಪ್ಪಿದರೆ ಮೇಜರ್ ಬದಲಿಸಬಹುದು ಎಂದರಂತೆ. ಪಾಪ ಎನ್ನಿಸಿತು. ಆದರೆ ಅದೇ ಭಾನುವಾರ ಬಾಲ್ಕನಿಯಲ್ಲಿ ನಿಂತು ದೊಡ್ಡಪ್ಪನ ಜೊತೆ ಫೋನಿನಲ್ಲಿ, “ಮೇಜರು ಕಂಪ್ಯೂಟರ್ರು ಕಣಣ್ಣಾ, ಜೊತೆಗೆ ಫಿಸಿಕ್ಸೂ ಐತೆ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ವರ್ತೂರು ಕೆರೆಯ ವಾಸನೆ ಬರುತ್ತದೆಂದು ಸದಾ ಮುಚ್ಚಿರುತ್ತಿದ್ದ ಬಾಲ್ಕನಿಯ ಬಾಗಿಲು ಅಂದು ಅರ್ಧ ತೆರೆದಿತ್ತು. ನನಗೆ ಪ್ರತಿ ಅಕ್ಷರವೂ ಕೇಳಿಸಿತು. ಪಾಪ ಎನ್ನಿಸಿದ್ದೆಲ್ಲ ಆವಿಯಾಯಿತು.

ಅಲ್ಲಿಂದ ಮುಂದೆ ನಾನು ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. “ಅಮ್ಮಾ, ಅವರಿಗೆ ಚಪಾತಿ ಬೇಕಾ ಕೇಳು” ಎನ್ನುತ್ತಿದ್ದೆ, ಅವರು ಎದುರಿಗೇ ಕೂತಿರುತ್ತಿದ್ದರು.

ಬೆಳಿಗ್ಗೆ ವಿಶ್ವವಿದ್ಯಾಲಯದ ಬಸ್ಸು ವರ್ತೂರಿನಿಂದ ಹೊರಟು ಸರ್ಜಾಪುರ, ಚಂದಾಪುರದ ಮೇಲೆ ಜಿಗಣಿಯ ಕ್ಯಾಂಪಸ್ ಸೇರುವಷ್ಟರಲ್ಲಿ ನಾನು ಇದೊಂದೇ ವಿಷಯವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಗ್ರಾನೈಟ್ ಚಪ್ಪಡಿ ಹೊತ್ತ ಲಾರಿಗಳ ಹಿಂದೆ ಬಸ್ಸು ನಿಂತೇ ಇರುತ್ತಿತ್ತು. ಯೋಚನೆಗೆ ಸಮಯಕ್ಕೇನೂ ಬರವಿರಲಿಲ್ಲ.

ಮೈನರಿನವರಿಗೆ ಆ ಗುರುವಾರದ ತರಗತಿಯಲ್ಲಿ ಕಲಿಸುತ್ತಿದ್ದುದು ದಿನಬಳಕೆಯ ಭೌತಶಾಸ್ತ್ರ. ಕುಕ್ಕರ್ ಏಕೆ ಕೂಗುತ್ತದೆ, ಮೈಕ್ರೋವೇವ್ ಹೇಗೆ ಬಿಸಿ ಮಾಡುತ್ತದೆ ಎನ್ನುವಂಥದ್ದು. ಕುಕ್ಕರ್ ಯಾಕೆ ಕೂಗುತ್ತೆ ಗೊತ್ತಾ ಎಂದು ಅಮ್ಮನನ್ನು ಕೇಳಿದೆ. “ನೀನು ಎದ್ದು ಆಫ್ ಮಾಡ್ಲಿ ಅಂತ” ಎಂದಳು. ನನಗೆ ಬೇಕಾಗಿದ್ದುದು ಮೇಜರಿನವರು ಓದುತ್ತಿದ್ದ ಮೆಕ್ಯಾನಿಕ್ಸ್. ಅದು ಬುಧವಾರ ಬೆಳಿಗ್ಗೆ, ನಮಗೆ ಬಿಡುವಿದ್ದ ಅವಧಿಯಲ್ಲಿ ನಡೆಯುತ್ತಿತ್ತು. ಒಂದು ದಿನ ಬಾಗಿಲಲ್ಲಿ ಇಣುಕುತ್ತಾ ನಿಂತವಳನ್ನು ಪಾಠ ಮಾಡುತ್ತಿದ್ದ ಮೇಡಂ ನೋಡಿದರು. ಭೌತಶಾಸ್ತ್ರ ವಿಭಾಗದ ಮುಖ್ಯಸ್ಥೆಯೂ ಅವರೇ. ನನ್ನ ಕಥೆಯನ್ನು ಅಲ್ಲೇ ಬಾಗಿಲಲ್ಲೇ ಕೇಳಿಸಿಕೊಂಡು, ನಗು ತಡೆದುಕೊಂಡು, “ಬಾಮ್ಮಾ, ಕೂತ್ಕೋ. ನಮ್ಮಲ್ಲಿ ಬೆಂಚುಗಳು ಖಾಲಿನೇ ಇವೆ” ಎಂದರು.

ಹಾಗೆ ಕರೆಯದ ನೆಂಟಳಾಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕೂತದ್ದೇನೋ ಸರಿ, ಅರ್ಥವಾಗಲಿಲ್ಲ. ಭೌತಶಾಸ್ತ್ರ ಎಂದರೆ ಎಲ್ಲವೂ ಖಚಿತ ಎಂಬ ನಂಬಿಕೆಯಿಂದ ನಾನು ಅದನ್ನು ಬಯಸಿದ್ದು. ಮೇಡಂ ಬಂದವರೇ, ಯಾವುದು ಚಲಿಸುತ್ತಿದೆ, ಯಾವುದು ನಿಂತಿದೆ ಎಂಬುದು ನೀವು ಎಲ್ಲಿಂದ ನೋಡುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ ಎಂದುಬಿಟ್ಟರು. ಚಂದಾಪುರದಲ್ಲಿ ಪಕ್ಕದ ಬಸ್ಸು ಮುಂದೆ ಸರಿದಾಗ ನಮ್ಮದೇ ಹಿಂದೆ ಹೋದಂತಾಗುತ್ತದಲ್ಲ, ಅದು. ಹಾಗಾದರೆ ನಿಜವಾಗಿ ಚಲಿಸಿದ್ದು ಯಾವುದು ಎಂದು ಕೇಳಿದೆ. “ನಿಜವಾಗಿ ಅನ್ನೋ ಮಾತನ್ನ ಇಲ್ಲಿ ಸ್ವಲ್ಪ ಹುಷಾರಾಗಿ ಬಳಸ್ಬೇಕಮ್ಮಾ” ಎಂದರು ಮೇಡಂ. ನನಗೆ ರೇಗಿತು. ಮನೆಯಲ್ಲೂ ಇದೇ ಗೋಳು, ಇಲ್ಲೂ ಇದೇ ಗೋಳು. ಮೇಜರ್ ಬದಲಿಸಿಕೊಳ್ಳಲು ಹೊರಟು ಇನ್ನೂ ದೊಡ್ಡ ಗೊಂದಲಕ್ಕೆ ಬೀಳುತ್ತಿದ್ದೇನೆಯೇ ಎಂದು ಭಯವಾಯಿತು. ಕಂಪ್ಯೂಟರ್ ತರಗತಿಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಅದು ಇನ್ನೂ ಸಂಕಟ. ಒಂದೊಂದು ಸಲ, ಅಪ್ಪಾಜಿ ಬೇಕೆಂದೇ ಮಾಡಿದ್ದರೂ ಸರಿಯಾದದ್ದನ್ನೇ ಮಾಡಿದರೇನೋ ಎನ್ನಿಸಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಮೇಡಂ ಒಮ್ಮೆ ಪ್ರಯೋಗಾಲಯಕ್ಕೂ ಬಿಟ್ಟುಕೊಂಡರು. ಗೋಡೆಗೆ ಕೂರಿಸಿದ ಭಾರದ ಕಬ್ಬಿಣದ ಚಕ್ರ, ಅದರ ಅಚ್ಚಿಗೆ ದಾರ ಸುತ್ತಿ ತುದಿಗೆ ತೂಕ ಕಟ್ಟಿ ಬಿಡಬೇಕು. ತೂಕ ನೆಲ ಮುಟ್ಟಿ ದಾರ ಕಳಚಿದ ಮೇಲೂ ಚಕ್ರ ತನ್ನಷ್ಟಕ್ಕೆ ಸುತ್ತುತ್ತಲೇ ಇತ್ತು. ಅದನ್ನೇ ನೋಡುತ್ತ ನಿಂತೆ. ಎಷ್ಟು ಸುತ್ತು ಎಂದು ಎಣಿಸುವುದು ನನ್ನ ಕೆಲಸವಾಗಿತ್ತು, ಅದನ್ನೂ ಮರೆತೆ. ಜೊತೆಗಿದ್ದವಳು ಬೈದಳು. ಇದು ನನಗೆ ಬೇಕು ಎಂದು ಯಾವ ಅನುಮಾನವೂ ಇಲ್ಲದೆ ಅನ್ನಿಸಿದ್ದು ಆ ವರ್ಷದಲ್ಲಿ ಅದೊಂದೇ ಸಲ.

ಪರೀಕ್ಷೆ ಬರೆದೆ. ಪಾಸಾದೆ, ಅದೂ ಎಮ್ಮೆಯ ಬಾಲ ಹಿಡಿದುಕೊಂಡು ಹೊಳೆ ದಾಟಿದ ಹಾಗೆ. ಉಳಿದದ್ದು ಪೋಷಕರ ಒಪ್ಪಿಗೆ. ಅಪ್ಪಾಜಿ ಬೇಡ ಎಂದರೆ ಮೂರು ವರ್ಷವೂ ಕಂಪ್ಯೂಟರೇ ಗತಿ. ಮೇಡಂ ಅಪ್ಪಾಜಿಯನ್ನು ಕರೆದುಕೊಂಡು ಬರಲು ಹೇಳಿದರು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ಕೂತು ಜಿಗಣಿಯವರೆಗೆ ಮಾತಿಲ್ಲದೆ ಹೋದೆವು.

ಮೇಡಂ ಕೋಣೆಯಲ್ಲಿ ಅಪ್ಪಾಜಿ ಕುರ್ಚಿಯ ತುದಿಯಲ್ಲಿ ಕೂತರು. “ಇದನ್ನ ಓದಿದ್ರೆ ಮುಂದೇನ್ ಆಗ್ತಾರೆ ಮೇಡಂ?” ಎಂದು ಕೇಳಿದರು.

“ಸುಳ್ಳು ಹೇಳಲ್ಲ ಸಾರ್, ಹೇಳಕ್ಕಾಗಲ್ಲ. ಕೆಲವರು ಮುಂದೆ ಓದ್ತಾರೆ. ಕೆಲವರು ಟೀಚರ್ ಆಗ್ತಾರೆ. ಸುಮಾರು ಜನ ಸುತ್ತಿ ಬಳಸಿ ಸಾಫ್ಟ್‌ವೇರ್‌ಗೇ ಹೋಗ್ತಾರೆ.”

ಬೇಡ ಎನ್ನಲು ಅಪ್ಪಾಜಿಗೆ ಇಷ್ಟು ಸಾಕಲ್ಲ ಎಂದುಕೊಂಡೆ. ಮೇಡಂ ಮೇಲೆ ಸಿಟ್ಟು ಬಂತು, ಒಂದು ಸಣ್ಣ ಸುಳ್ಳು ಹೇಳಿದ್ದರೆ ಏನು ಹೋಗುತ್ತಿತ್ತು? ಅಪ್ಪಾಜಿ ನನ್ನ ಕಡೆ ನೋಡಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದರು.

“ಅವಳಿಗೆ ಇದು ಬರುತ್ತಾ ಮೇಡಂ?”

“ಇನ್ನೂ ಸರಿಯಾಗಿ ಬರಲ್ಲ. ಆದ್ರೆ ಬಿಡದೇ ಕೇಳ್ತಾಳೆ.”

“ಅದು ಗೊತ್ತು ಬಿಡಿ. ಮನೆಯಾಗೂ ಬಿಡಂಗಿಲ್ಲ” ಎಂದರು ಅಪ್ಪಾಜಿ. ಆಮೇಲೆ, “ನಂದು ಒಪ್ಪಿಗೆ ಐತೆ. ಫಿಸಿಕ್ಸ್ ಮುಖ್ಯ ವಿಷಯ, ಹೌದಲ್ಲ? ಅದಕ್ಕೇ ಒಪ್ಪಿಗೆ” ಎಂದು ಬಿಡಿಸಿ ಬಿಡಿಸಿ ಹೇಳಿದರು.

ಹೊರಗೆ ಬಸ್ಸಿಗೆ ಕಾಯುತ್ತ ನಿಂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಖುಷಿಯಾಗಬೇಕಿತ್ತು, ಆಗಿತ್ತು ಕೂಡ, ಆದರೆ ವರ್ಷದಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳದೆ ಇರಲಾಗಲಿಲ್ಲ. ಅಮ್ಮನ ಮಧ್ಯಸ್ಥಿಕೆ ಇಲ್ಲದೆ ನೇರವಾಗಿ ಕೇಳಿದೆ.

“ಅಪ್ಪಾಜಿ, ಅವತ್ತು ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?”

ಅವರು ರಸ್ತೆಯನ್ನೇ ನೋಡುತ್ತಿದ್ದರು. “ಗೊತ್ತಿರ್ಲಿಲ್ಲ ಪುಟ್ಟಿ. ಆಣೆ ಮಾಡ್ಲಾ? ಗೊತ್ತಿರ್ಲಿಲ್ಲ.” ಒಂದು ಲಾರಿ ಹಾದುಹೋಗುವವರೆಗೆ ಕಾದರು. “ಆದ್ರೆ ಗೊತ್ತಿದ್ದಿದ್ರೂ ಕಂಪ್ಯೂಟರ್ ಅಂತಾನೇ ಹೇಳಿರ್ತಿದ್ದೆ. ಅದಕ್ಕೇ ನೀನು ಬೈಯುವಾಗ ನಂಗೆ ವಾಪಸು ಜೋರು ಮಾಡಕ್ಕೆ ಆಗ್ಲಿಲ್ಲ.”

ನನ್ನ ವರ್ಷದ ಸಿಟ್ಟು ಸರಿಯಿತ್ತೋ ತಪ್ಪಿತ್ತೋ ಇವತ್ತಿಗೂ ತೀರ್ಮಾನವಾಗಿಲ್ಲ. ಅವರ ಮುಖ ಬಿಸಿಲಿಗೆ ಕೆಂಪಾಗಿತ್ತು.

“ಇವತ್ತು ಹೇಳಿದ್ದು ಮಾತ್ರ ಗೊತ್ತಿದ್ದೇ ಹೇಳಿದ್ದು” ಎಂದರು.

ನಾನು ಅವರ ತೋಳು ಹಿಡಿದುಕೊಂಡೆ. ಬಸ್ಸು ಬರುವವರೆಗೂ ಬಿಡಲಿಲ್ಲ.