ಹೂವೇಗೌಡರ ಮೂರನೇ ಬಟ್ಟಲು

ಹೂವೇಗೌಡರ ಜೊತೆ ಹೋದರೆ ಪ್ರಪಂಚದ ಯಾವ ಮೂಲೆಯಲ್ಲೂ ಅವರ ಆಲೂರಿನಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ವಿಮಾನ ಇಥಿಯೋಪಿಯದಲ್ಲಿ ಇಳಿಯುತ್ತಿದ್ದಾಗ ಅವರು ಕಿಟಕಿಯ ಪಕ್ಕದಲ್ಲಿದ್ದ ನನ್ನ ಮೇಲೆ ಪೂರ್ತಿ ಒರಗಿ ಹೊರಗೆ ಇಣುಕಿದರು. "ಮೇಷ್ಟ್ರೇ, ಥೇಟ್ ನಮ್ ಪಾಳ್ಯದ ಕಡೆ ಹೊಲ ಇದ್ದಂಗೇ ಐತಲ್ಲ" ಎಂದರು. ನಾನು ಮೊದಲ ಸಲ ದೇಶ ಬಿಟ್ಟಿದ್ದೆ. ಆ ಮೊದಲ ನೋಟವನ್ನು ನನಗಾಗಿ ಇಟ್ಟುಕೊಳ್ಳಬೇಕೆಂದಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಂಗ್ಲಿಷ್ ಕಲಿಸಲು ಭಾರತದ ಮೇಷ್ಟ್ರುಗಳು ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ನಾನು ಆನೇಮಹಲಿನವನು, ಸಕಲೇಶಪುರದ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕ. ಬಸ್ಸಿನಲ್ಲಿ ಪಕ್ಕ ಕೂತವರೆಲ್ಲ "ಯಾರ ಮಗ ನೀನು?" ಎಂದು ಕೇಳುವ ಸೀಮೆಯಿಂದ ದೂರ ಹೋಗಬೇಕಿತ್ತು ನನಗೆ. ಗೌಡರು ಆಲೂರಿನ ಹೈಸ್ಕೂಲು ಮೇಷ್ಟ್ರು, ನನಗಿಂತ ಬಹಳ ಹಿರಿಯರು. ಅವರು ಯಾಕೆ ಅರ್ಜಿ ಹಾಕಿದರೋ ನನಗೆ ಕೊನೆಗೂ ತಿಳಿಯಲಿಲ್ಲ. ಅಕ್ಕಪಕ್ಕದ ತಾಲ್ಲೂಕಿನವರೆಂದು ಯಾರೋ ದಯೆ ತೋರಿ ನಮ್ಮಿಬ್ಬರನ್ನೂ ಒಂದೇ ಊರಿನ ಒಂದೇ ಶಾಲೆಗೆ ಹಾಕಿದರು. ಇದ್ದ ಕೋಣೆಯೂ ಒಂದೇ.

ಅಲ್ಲಿನ ಗುಡ್ಡ ಅವರಿಗೆ ಬಿಸಿಲೆಯ ಗುಡ್ಡವಾಯಿತು. ಶನಿವಾರದ ಮಾರುಕಟ್ಟೆ ಆಲೂರಿನ ಸಂತೆಯಾಯಿತು. ಬಿಳಿ ರುಮಾಲಿನ ಪಾದ್ರಿಯೊಬ್ಬರನ್ನು ಕಂಡು, ತಮ್ಮ ಸೋದರಮಾವ ಇದ್ದಂಗೇ ಇದಾರೆ ಎಂದು ಹೋಗಿ ಕೈ ಮುಗಿದರು. ಆ ದೇಶದ ಬಗ್ಗೆ ಎರಡು ದಪ್ಪ ಪುಸ್ತಕ ಓದಿಕೊಂಡು ಹೋಗಿದ್ದ ನಾನು ಏನನ್ನಾದರೂ ಕಂಡು ಬೆರಗಾಗುವ ಮೊದಲೇ ಇವರು ಅದಕ್ಕೊಂದು ಆಲೂರಿನ ಹೆಸರಿಟ್ಟುಬಿಡುತ್ತಿದ್ದರು.

ಪಾಠವೂ ಹಾಗೆಯೇ. ಒಂದು ದಿನ ಅವರ ಹುಡುಗರು ನನ್ನ ಹತ್ತಿರ ಬಂದು "ಐ ಆ್ಯಮ್ ಗೋಯಿಂಗ್ ಹೋಮ್ ಕಣ್ರೀ" ಎಂದರು. ಈ ಕಣ್ರೀ ಬ್ರಿಟಿಷ್ ಪ್ರಯೋಗವೋ ಅಮೆರಿಕನ್ ಪ್ರಯೋಗವೋ ಎಂದು ಶಾಲೆಯ ಡೈರೆಕ್ಟರು ನನ್ನನ್ನು ಗಂಭೀರವಾಗಿ ವಿಚಾರಿಸಿದರು. ಗೌಡರನ್ನು ತರಾಟೆಗೆ ತೆಗೆದುಕೊಂಡೆ. "ಮರ್ಯಾದೆ ಕೊಟ್ಟು ಮಾತಾಡ್ತವೆ ಬುಡಿ ಮಾರಾಯ್ರೇ, ತೆಪ್ಪೇನೈತೆ" ಎಂದರು.

ಆ ಊರಿನಲ್ಲಿ ಕಾಫಿ ಕುಡಿಯುವುದೇ ಒಂದು ವ್ರತ. ಅತಿಥಿಯ ಎದುರಿಗೇ ಬೀಜ ಹುರಿದು, ಕುಟ್ಟಿ, ಉದ್ದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ ಕಾಯಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಮೂರು ಸಲ ಕೊಡುತ್ತಾರೆ. ಮೂರನೆಯದು ಆಶೀರ್ವಾದದ ಬಟ್ಟಲು. ಅದಕ್ಕೆ ಮುಂಚೆ ಎದ್ದರೆ ಮನೆಯವರಿಗೆ ಬೇಸರ. ಗೌಡರು ಕಂಡಕಂಡ ಮನೆಗೆ ನುಗ್ಗಿ, ಎರಡು ಬಟ್ಟಲು ಕುಡಿದು, ಇನ್ನೊಂದು ಮನೆ ಐತೆ ಎಂದು ಎದ್ದು ಹೋಗುತ್ತಿದ್ದರು. ನಮ್ಮ ಮನೆಯೊಡತಿ ಅಲ್ಮಾಜ್ ಎಂಬ ವಿಧವೆ, ಮಹಾ ದೈವಭಕ್ತೆ. ಅವಳು ಅವರನ್ನು ಬೈದು ಬೈದು ಸೋತಿದ್ದಳು.

ಆಗ ರಾಗಿ ಸಿಕ್ಕಿತು. ಮಾರುಕಟ್ಟೆಯಲ್ಲಿ ರಾಗಿಯ ಚೀಲ ಕಂಡ ಗೌಡರು ಅದರೊಳಗೆ ಮೊಣಕೈಯವರೆಗೆ ಕೈಯಿಟ್ಟು ನಿಂತುಬಿಟ್ಟರು. ಅರ್ಧ ಚೀಲ ಹೊತ್ತು ತಂದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನಮ್ಮ ಕಡೆ ಗಂಜಿ ಹಿಟ್ಟಿಗೆ ಒಣಗಿಸುವ ಹಾಗೆ ಅಲ್ಮಾಜಳ ಅಂಗಳದ ತುಂಬ ಹರವಿದರು. ಆ ಊರಿನಲ್ಲಿ ಕಾಳಿಗೆ ಮೊಳಕೆ ಬರಿಸಿ ಒಣಗಿಸುವುದು ಒಂದೇ ಕೆಲಸಕ್ಕೆ, ಮದ್ಯ ಇಳಿಸುವುದಕ್ಕೆ. ಚರ್ಚಿನಿಂದ ಬಂದ ಅಲ್ಮಾಜ್ ಅಂಗಳ ನೋಡಿದಳು. ನೇರ ಡೈರೆಕ್ಟರ ಹತ್ತಿರ ಹೋಗಿ, ಇಂಡಿಯಾದ ಮೇಷ್ಟ್ರುಗಳು ನನ್ನ ಮನೆಯಲ್ಲಿ ಭಟ್ಟಿ ಇಟ್ಟಿದ್ದಾರೆ ಎಂದಳು.

ಎರಡನೇ ವರ್ಷಕ್ಕೆ ನಮ್ಮನ್ನು ಉಳಿಸಿಕೊಳ್ಳುವ ಮಾತು ನಡೆಯುತ್ತಿದ್ದ ವಾರ ಅದು. ಉಳಿಯುವುದು ನನಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತು. ಸಕಲೇಶಪುರದಲ್ಲಿ ನನಗಾಗಿ ಕಾದಿರಿಸಿದ ಕೆಲಸವಿರಲಿಲ್ಲ. ಭಾನುವಾರ ಅಲ್ಮಾಜಳ ಮನೆಯಲ್ಲಿ ಕಾಫಿಗೆ ಬರುತ್ತೇನೆ, ಅಲ್ಲೇ ಇತ್ಯರ್ಥ ಮಾಡೋಣ ಎಂದು ಡೈರೆಕ್ಟರು ಹೇಳಿ ಕಳಿಸಿದರು. ನಾನು ಗೌಡರ ಕೈ ಹಿಡಿದು ಬೇಡಿಕೊಂಡೆ: ಏನೂ ಮಾತಾಡಬೇಡಿ, ಮೂರನೇ ಬಟ್ಟಲು ಮುಗಿಯುವವರೆಗೆ ಏಳಬೇಡಿ. ಆಗಲಿ ಎಂದರು.

ಎರಡನೇ ಬಟ್ಟಲಾಗುತ್ತಲೇ ಎದ್ದು ಹೋದರು.

ಅಲ್ಮಾಜ್ ಮೂರನೆಯದನ್ನು ಬಗ್ಗಿಸಿ ಅವರ ಖಾಲಿ ಜಾಗದ ಮುಂದೆ ಇಟ್ಟಳು. ಡೈರೆಕ್ಟರು ನನ್ನನ್ನೇ ನೋಡುತ್ತ ಕೂತರು. ನಾನು ನನ್ನ ಕೆಲಸ ಹೋಯಿತೆಂದುಕೊಂಡೆ. ಬಟ್ಟಲು ತಣ್ಣಗಾದ ಮೇಲೆ ಗೌಡರು ಹಬೆಯಾಡುವ ಪಾತ್ರೆ ಹಿಡಿದುಕೊಂಡು ಬಂದರು. ಮೊಳಕೆಕಾಳಿನದು, ಕಂದು ಬಣ್ಣ, ಪಾತ್ರೆ ತುಂಬ. ಭಟ್ಟಿ ಇಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಡೈರೆಕ್ಟರು ಮೂಸಿದರು, ಒಂದು ಗುಟುಕು ಕುಡಿದರು, ಇನ್ನೊಂದು ಗುಟುಕು ಕುಡಿದರು. ಸ್ವಲ್ಪ ನಿರಾಸೆಯಿಂದಲೇ ಇಂಗ್ಲಿಷಿನಲ್ಲಿ "ಇಷ್ಟೇನಾ?" ಎಂದು ಕೇಳಿದರು.

"ಇಷ್ಟೇ ಸಾ. ನಮ್ ಆಲೂರಲ್ಲಿ ಕೂಸುಗಳಿಗೆ ಕೊಡಾದು" ಎಂದು ಗೌಡರು ಕನ್ನಡದಲ್ಲೇ ಹೇಳಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸುವುದನ್ನು ಮಾಡಿ ತೋರಿಸಿದರು. ಅಲ್ಮಾಜ್ ಹೊದ್ದ ಶಾಲಿನ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ನಕ್ಕಳು.

ಡೈರೆಕ್ಟರು ನಿಜವಾಗಿ ಹಾಗೆ ಕೇಳಿದರೇ? ಆ ವಾರದ ನನ್ನ ದಿನಚರಿಯಲ್ಲಿ ಬರೀ ನನ್ನ ಸಿಟ್ಟಿದೆ. ಗೌಡರು ಆಮೇಲೆ ಅದನ್ನು ಅದೆಷ್ಟು ಸಲ ಹೇಳಿದರೆಂದರೆ, ನನಗೆ ನೆನಪಿರುವುದು ಆ ಭಾನುವಾರವೋ ಅವರ ಕಥೆಯೋ ಹೇಳಲಾರೆ.

ಇಬ್ಬರಿಗೂ ಇನ್ನೊಂದು ವರ್ಷ ಸಿಕ್ಕಿತು. ಸಿಕ್ಕ ಮೇಲೆ ಗೌಡರು, ಕಾಫಿ ಕುಯ್ಲು ಐತೆ, ಊರಿಗೆ ಹೋಗ್ತೀನಿ ಎಂದರು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ನಾನು ರೇಗಿದೆ. ಹೊರಡುವ ದಿನ ಅಲ್ಮಾಜ್ ಹಟ ಹಿಡಿದು ಬೀಜ ಹುರಿದಳು. ಎರಡನೇ ಬಟ್ಟಲಿಗೆ ಬಸ್ಸು ಹಾರನ್ ಹೊಡೆಯಿತು.

ಆಮೇಲಿನ ಒಂದು ವರ್ಷ ಊರು ನಾನು ಬಯಸಿದಷ್ಟೇ ಅಪರಿಚಿತವಾಯಿತು. ನೀನು ಯಾರ ಮಗ ಎಂದು ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಹೂವೆ ಎಲ್ಲಿ, ಹೂವೆ ಯಾವಾಗ ಬರುತ್ತಾನೆ ಎಂದೇ. ಉತ್ತರ ಹೇಳಿ ಹೇಳಿ ಸಾಕಾಯಿತು. ಸಾವಿರಾರು ಮೈಲಿ ಆಚೆ ಕೂತೂ ಈ ಮನುಷ್ಯ ನನ್ನನ್ನು ಬಿಡಲಿಲ್ಲ.

ವಾಪಸು ಬಂದವನು ಆಲೂರಿನ ಹತ್ತಿರದ ಅವರ ಮನೆಗೆ ಹೋದೆ. ಇಥಿಯೋಪಿಯದಲ್ಲಿ ಎಲ್ಲಕ್ಕೂ ಆಲೂರಿನ ಹೆಸರಿಡುತ್ತಿದ್ದವರು ಈಗ ಜಗಲಿಯಲ್ಲಿ ಕೂತು ಎದುರಿನ ಗುಡ್ಡ ತೋರಿಸಿ, "ಅಲ್ಮಾಜಮ್ಮನ ಮನೆ ಹಿಂದ್ಲ ಗುಡ್ಡ ಕಣ್ರೀ, ಒಸಿ ಹಸಿರು ಜಾಸ್ತಿ" ಎಂದರು. ಬಂದವರ ಎದುರಿಗೇ ಬೀಜ ಹುರಿಸಿ ಮೂರು ಸಲ ಕಾಫಿ ಕೊಡಿಸುವ ಪದ್ಧತಿಯನ್ನು ಮನೆಗೆ ತಂದಿದ್ದರು. ಗೌಡರ ಮನೆಗೆ ಹೋದರೆ ಬಸ್ಸು ತಪ್ಪುತ್ತದೆಂದು ನೆಂಟರು ಬರುವುದನ್ನೇ ಬಿಟ್ಟಿದ್ದರಂತೆ. "ಒಂದ್ ಲೋಟ ಕಾಫಿಗೆ ಅರ್ಧ ದಿನ ಒಲೆ ಮುಂದೆ ಸಾಯ್ಬೇಕು. ನೀವಾರೂ ಹೇಳಿ ಮೇಷ್ಟ್ರೇ" ಎಂದರು ಅವರ ಹೆಂಡತಿ ರತ್ನಮ್ಮ. ನಾನು ಹೇಳುವ ಮೊದಲೇ ಗೌಡರು ಎರಡನೆಯದು ಕುಡಿದು ತೋಟಕ್ಕೆ ಎದ್ದು ಹೋಗಿದ್ದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ. ಒಂದೆರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಹೋದೆ. ರತ್ನಮ್ಮ ಹಾಲು ಬೆಲ್ಲ ಹಾಕಿದ ಕಾಫಿಯನ್ನು ದೊಡ್ಡ ಲೋಟದಲ್ಲಿ ತಂದಿಟ್ಟರು. "ಮೂರ್ ಸಲದ್ದೆಲ್ಲ ನನ್ ಕೈಲಾಗಲ್ಲ ಕಣ್ರೀ. ಸಾಕಾಗೋಗೈತೆ" ಎಂದರು. ಒಂದೇ ಸಾಕು ಎಂದೆ. ಕುಡಿದು, ಖಾಲಿ ಲೋಟ ಹಿಡಿದುಕೊಂಡು ಕೂತೆ. ರಸ್ತೆಯಲ್ಲಿ ಸಕಲೇಶಪುರದ ಬಸ್ಸು ಬಂದು ನಿಂತ ಸದ್ದು ಕೇಳಿತು. ಹೊರಟಿದ್ದೂ ಕೇಳಿತು.

"ಬಸ್ ಹೋಗ್ಬುಡ್ತಲ್ಲ ಮೇಷ್ಟ್ರೇ" ಎಂದರು ರತ್ನಮ್ಮ. ನಾನು ಏಳಲಿಲ್ಲ. ಅವರು ಗೊಣಗುತ್ತ ಲೋಟ ಕಿತ್ತುಕೊಂಡು ಒಳಗೆ ಹೋದರು. ಬಾಣಲೆಗೆ ಬೀಜ ಸುರಿದ ಸದ್ದಾಯಿತು.